ತೀರ್ಥನ್ ಹೊಳೆಗೆ ಇಳಿಯುವ ಮುನ್ನ: ಗೆಳೆಯನಿಗೊಂದು ಪತ್ರ

ಕಲಬುರಗಿ

ಪ್ರಿಯ ಗೆಳೆಯಾ,

ಮಾರ್ಚ್ ತಿಂಗಳಿನಲ್ಲಿ ಟ್ರೌಟ್ ಮೀನು ಹಿಡಿಯಲು ಹಿಮಾಚಲದ ತೀರ್ಥನ್ ಕಣಿವೆಗೆ ಹೊರಟಿರುವುದಾಗಿ ನೀನು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಗಾಳದ ಕೋಲು, ರೀಲು, ಫ್ಲೈಗಳ (ಹುಳುವಿನಂತೆ ಕಾಣುವ ಗಾಳಗಳ) ಪೆಟ್ಟಿಗೆ, ನೀರಿಳಿಯದ, ಎದೆಯವರೆಗೆ ಬರುವ ವೇಡರ್ ಉಡುಪು ಎಲ್ಲವನ್ನೂ ಪಟ್ಟಿ ಮಾಡಿ, ಕೊನೆಯಲ್ಲಿ ಹೊಳೆಯೊಳಗೆ ಊರಿಕೊಂಡು ನಡೆಯುವ ಕೋಲಿನ ಬಗ್ಗೆ 'ಊರುಗೋಲು ಅಲ್ಲಿಯೇ ಯಾವುದಾದರೂ ಸಿಕ್ಕೀತು' ಎಂದು ಸೇರಿಸಿರುವೆಯಲ್ಲ, ಆ ಒಂದು ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ನಾನೂ ಹೀಗೆಯೇ ಹೋದವನು. ಬೆಟ್ಟ ಹತ್ತುವವರು ಬಳಸುವ, ಒಂದರೊಳಗೊಂದು ಸೇರುವ ಮೂರು ಕೊಳವೆಗಳ, ತಿರುವಿ ಬಿಗಿ ಮಾಡುವ ಅಲ್ಯೂಮಿನಿಯಂ ಕೋಲೊಂದನ್ನು ಕೊಂಡೊಯ್ದಿದ್ದೆ. ಮೊದಲೆರಡು ದಿನ ಅದು ಗಟ್ಟಿಯಾಗಿಯೇ ನಿಂತಿತು. ಮೂರನೆಯ ದಿನಕ್ಕೆ ಸಣ್ಣ ಉಸುಕು ಕೀಲಿನೊಳಗೆ ಸೇರಿಕೊಂಡಿತ್ತೆಂದು ಕಾಣುತ್ತದೆ. ಮೊಣಕಾಲಿಗಿಂತ ತುಸು ಮೇಲಿನ ನೀರಿನಲ್ಲಿ ಎಡಗಾಲು ಪಾಚಿಗಟ್ಟಿದ ಗುಂಡುಕಲ್ಲಿನ ಮೇಲೆ ಜಾರಿದಾಗ ಇಡೀ ಮೈಭಾರವನ್ನು ಆ ಕೋಲಿನ ಮೇಲೆ ಹಾಕಿದೆ. ಅದು ಒಂದು ಗೇಣು ಒಳಗೆ ಸರಿದು ಗಿಡ್ಡವಾಯಿತು. ನಾನು ಮಗ್ಗುಲಾಗಿ ಬಿದ್ದೆ, ಮೊಣಕಾಲು ಬಂಡೆಗೆ ಬಡಿಯಿತು, ಹಿಮ ಕರಗಿದ ನೀರು ಕೊರಳಿನಿಂದ ಒಳಗಿಳಿಯಿತು. ದಡ ಹತ್ತಿರವಿದ್ದುದರಿಂದ ತೆವಳಿಕೊಂಡು ಹೊರಬಂದೆ. ತಿಂಗಳವರೆಗೆ ಮೆಟ್ಟಿಲು ಹತ್ತುವಾಗ ನೋವಾಗುತ್ತಿತ್ತು.

ಆದ್ದರಿಂದ ಯಾವ ಕೋಲನ್ನು ಕೈಗೆತ್ತಿಕೊಂಡರೂ, ಕಾಲು ಜಾರಿ ಮೈಭಾರವೆಲ್ಲ ಅದರ ಮೇಲೆ ಬೀಳುವ ಆ ಒಂದು ಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸು. ಅಂಗಡಿಯಲ್ಲಿಯೇ ತುದಿಯನ್ನು ಕಲ್ಲುನೆಲಕ್ಕೆ ಊರಿ, ಎರಡೂ ಕೈಗಳಿಂದ ಒತ್ತಿ ಪೂರ್ತಿ ವಾಲಿ ನೋಡು. ಅಲ್ಲಿ ಕೂದಲೆಳೆಯಷ್ಟು ಸರಿದರೂ, ಬಾಗಿದರೂ ಅದು ಬೇಡ.

ನಾವು ಭೀಮಾ ತೀರದವರು ನೀರಿನ ಭಯವನ್ನು ಆಳದಿಂದ ಅಳೆಯುತ್ತೇವೆ. ಬೇಸಿಗೆಯಲ್ಲಿ ಹೊಳೆ ದಾಟುವಾಗ ನಮ್ಮೂರಿನ ಹಿರಿಯರು ಬಡಿಗೆ ಹಿಡಿಯುತ್ತಿದ್ದುದು, ಉಸುಕು ತೆಗೆದು ಬಿಟ್ಟ ಗುಂಡಿಗಳನ್ನೂ ಕೆಸರನ್ನೂ ಮುಂದಾಗಿ ತಡಕಿ ನೋಡುವುದಕ್ಕೆ. 2020ರ ಅಕ್ಟೋಬರ್‌ನ ನೆರೆಯನ್ನು ಬಿಟ್ಟರೆ, ನೀರಿನ ಸೆಳೆತವನ್ನು ನಾವು ಹತ್ತಿರದಿಂದ ಕಂಡದ್ದು ಕಡಿಮೆ. ತೀರ್ಥನ್‌ನಲ್ಲಿ ಮೊಣಕಾಲು ನೀರೇ ಮನುಷ್ಯನನ್ನು ಕೆಡವುತ್ತದೆ, ಏಕೆಂದರೆ ನೀರಿನ ವೇಗ ಎರಡು ಪಟ್ಟಾದರೆ ಅದು ನಮ್ಮ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅಲ್ಲಿ ಕೋಲು ತಡಕಲೂ ಬೇಕು, ಹೊರಲೂ ಬೇಕು. ತಳದ ಜಾರು ಹೇಗಿರುತ್ತದೆಂದು ತಿಳಿಯಬೇಕಾದರೆ ನಿಮ್ಮ ಶಹಾಬಾದಿನ ಕಡೆ ಕಾಗಿಣಾ ನದಿಯ ಪಾಚಿ ಹಿಡಿದ ಹಾಸುಗಲ್ಲನ್ನು ನೆನೆದುಕೊ. ಆ ಹಾಸುಗಲ್ಲನ್ನೇ ಒಡೆದು, ದುಂಡಗೆ ಮಾಡಿ, ಓರೆಯಾಗಿ ಜೋಡಿಸಿದಂತೆ ಅಲ್ಲಿಯ ತಳವಿರುತ್ತದೆ.

ಉದ್ದದ ವಿಷಯದಲ್ಲಿ ನಡಿಗೆಕೋಲಿನ ಅಳತೆ ಕೆಲಸಕ್ಕೆ ಬಾರದು. ಸೊಂಟದ ಎತ್ತರದ ಕೋಲು ದಂಡೆಯ ಮೇಲೆ ಸರಿಯೆನಿಸಿದರೂ, ಹೊಳೆಯಲ್ಲಿ ಅದರ ತುದಿ ಗುಂಡುಕಲ್ಲುಗಳ ಸಂದಿಗೆ ಇಳಿದು ಪಾದಕ್ಕಿಂತ ಕೆಳಗೆ ನಿಲ್ಲುವುದರಿಂದ, ನೀನು ಅದರ ಕಡೆಗೆ ಬಗ್ಗಬೇಕಾಗುತ್ತದೆ. ಬಗ್ಗಿದವನನ್ನು ನೀರು ಬೇಗ ಒಯ್ಯುತ್ತದೆ. ನೆಲದ ಮೇಲೆ ನೆಟ್ಟಗೆ ನಿಂತಾಗ ಮೊಣಕೈಗಿಂತ ಮೇಲೆ, ಕಂಕುಳಿಗಿಂತ ಸ್ವಲ್ಪ ಕೆಳಗೆ ಬರುವಂತಿರಲಿ. ಐದೂವರೆ ಅಡಿಯ ನಿನಗೆ ಸುಮಾರು ನಾಲ್ಕು ಅಡಿ ಸಾಕು.

ಯಾವುದರಿಂದ ಮಾಡಿದ ಕೋಲು ಎಂಬುದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಈ ಕೆಲಸಕ್ಕೆಂದೇ ತಯಾರಾದ, ಒಳಗೆ ಎಲಾಸ್ಟಿಕ್ ಹುರಿ ಅಥವಾ ತಂತಿ ಇರುವ ಮಡಿಸುವ ಕೋಲುಗಳು ಚೀಲದಿಂದ ಎಳೆದೊಡನೆ ತಾವಾಗಿ ಜೋಡಿಕೊಳ್ಳುತ್ತವೆ. ಒಂದು ಕೈಯಲ್ಲಿ ಗಾಳದ ಕೋಲು ಇರುವಾಗ ಇದು ದೊಡ್ಡ ಅನುಕೂಲ, ವಿಮಾನದಲ್ಲಿ ಹೋಗುವವರಿಗೆ ಬೇರೆ ದಾರಿಯೂ ಇಲ್ಲ. ಆದರೆ ಒದ್ದೆ ಉಸುಕು ಸೇರಿದರೆ ಕೀಲುಗಳು ಕಚ್ಚಿಕೊಂಡು ಸಂಜೆ ಬಿಡಿಸಲು ಬರುವುದಿಲ್ಲ. ಕೀಲಿಗೆ ಮುಂಚೆಯೇ ಮೇಣದಬತ್ತಿ ತಿಕ್ಕಿಟ್ಟರೆ ತಕ್ಕಮಟ್ಟಿಗೆ ತಪ್ಪುತ್ತದೆ. ನನಗಿರುವ ದೊಡ್ಡ ಆಕ್ಷೇಪ ಬೇರೆ: ಮಡಿಸಿ ಸೊಂಟಕ್ಕೆ ಕಟ್ಟಿಕೊಂಡ ಕೋಲನ್ನು ಜನರು ಕಾಲು ನಡುಗಲು ಆರಂಭಿಸಿದ ಮೇಲೆಯೇ ತೆಗೆಯುತ್ತಾರೆ. ಕಾರ್ಬನ್ ನಾರಿನ ಕೋಲು ಬಹಳ ಹಗುರ, ಬೆಲೆಯೂ ಹೆಚ್ಚು, ಮತ್ತು ಬಂಡೆಗೆ ಬಲವಾಗಿ ಬಡಿದು ಏಟು ತಿಂದಿದ್ದರೆ ಮುಂದೊಂದು ದಿನ ಮುನ್ಸೂಚನೆಯಿಲ್ಲದೆ ಮುರಿಯಬಹುದು.

ನೀನು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ, ಅಲ್ಲಿಂದ ಬಸ್ಸಿನಲ್ಲಿ ಹೋಗುವವನು. ನಾಲ್ಕು ಅಡಿಯ ಇಡೀ ಕೋಲು ಬರ್ತಿನ ಕೆಳಗೆ ಸುಲಭವಾಗಿ ಹಿಡಿಯುತ್ತದೆ. ಹಾಗಿರುವಾಗ ಕೀಲೇ ಇಲ್ಲದ ಬಿದಿರಿನ ಕೋಲನ್ನು ಬಿಟ್ಟು ಬೇರೇನನ್ನೂ ನಾನು ನಿನಗೆ ಹೇಳಲಾರೆ. ಮೇದಾರರ ಅಂಗಡಿಯಲ್ಲಿ ಬುಟ್ಟಿಯ ಬಿದಿರನ್ನು ಕೇಳಬೇಡ. ಲಾಠಿಗೆ ಬಳಸುವಂಥ, ಒಳಗೆ ಪೊಳ್ಳು ಇಲ್ಲದ ಅಥವಾ ತೀರ ಕಡಿಮೆ ಇರುವ, ಗಿಣ್ಣುಗಳು ಒತ್ತೊತ್ತಾಗಿರುವ, ಚೆನ್ನಾಗಿ ಒಣಗಿದ ಬಿದಿರನ್ನು ಕೇಳು. ಹೆಬ್ಬೆರಳಿಗಿಂತ ತುಸು ದಪ್ಪವಿದ್ದರೆ ಸಾಕು, ಏಕೆಂದರೆ ಕೋಲು ದಪ್ಪವಾದಷ್ಟೂ ಪ್ರವಾಹ ಅದನ್ನು ಎಳೆದು ಕೈಯಲ್ಲಿ ಅದುರಿಸುತ್ತದೆ. ಸೀಳು ಇದೆಯೇ ಎಂದು ಉಗುರಿನಿಂದ ಎಳೆದು ನೋಡು. ಮನೆಗೆ ತಂದು ಎರಡು ಮೂರು ಸಲ ಅಗಸೆ ಎಣ್ಣೆ ತಿಕ್ಕಿ ನೆರಳಿನಲ್ಲಿ ಒಣಗಿಸು, ಹಿಡಿಕೆಯ ಜಾಗಕ್ಕೆ ನೂಲಿನ ಹುರಿ ಬಿಗಿಯಾಗಿ ಸುತ್ತು. ಬಿದಿರು ಕೈತಪ್ಪಿದರೂ ತೇಲುತ್ತದೆ, ಬಂಡೆಗೆ ತಾಗಿದಾಗ ಅಲ್ಯೂಮಿನಿಯಂ ಕೊಳವೆಯ ಹಾಗೆ ಠಣ್ಣೆನ್ನುವುದಿಲ್ಲ. ಮೀನಿನ ಮೈಯ ಎರಡೂ ಮಗ್ಗುಲಲ್ಲಿ ನೀರಿನ ಕಂಪನವನ್ನು ಗ್ರಹಿಸುವ ಗೆರೆಯೊಂದಿರುವುದರಿಂದ ಈ ಸದ್ದಿನ ಮಾತು ಸಣ್ಣದಲ್ಲ.

ತುದಿಗೆ ರಬ್ಬರ್ ಹಾಕಿಸಿದರೆ ಸದ್ದು ಇನ್ನೂ ಕಡಿಮೆಯಾಗುತ್ತದೆ, ಆದರೆ ಪಾಚಿಯ ಮೇಲೆ ಅದು ನಮ್ಮ ಚಪ್ಪಲಿಯಂತೆಯೇ ಜಾರುತ್ತದೆ. ಒನಕೆಗೆ ಹಾಕುವಂಥ ಕಬ್ಬಿಣದ ಅಣಸು (ಬಳೆ) ಬಡಿಸಿ, ನಡುವೆ ಅರ್ಧ ಬೆರಳಿನಷ್ಟು ಮೊಂಡು ಮೊಳೆ ಹೊರಗೆ ಇರುವಂತೆ ಮಾಡಿಸು. ಬಿದಿರು ಸೀಳುವುದೂ ತಪ್ಪುತ್ತದೆ, ಕಲ್ಲನ್ನೂ ಕಚ್ಚುತ್ತದೆ.

ಫ್ಲೈ ಎಸೆಯುವಾಗ ಎಡಗೈಗೆ ದಾರ ನಿಭಾಯಿಸುವ ಕೆಲಸವಿರುವುದರಿಂದ ಕೋಲನ್ನು ಬಿಡಲೇಬೇಕಾಗುತ್ತದೆ. ಅದಕ್ಕೆ ಸೊಂಟದ ಪಟ್ಟಿಯಿಂದ ಒಂದು ಗಟ್ಟಿ ಹುರಿ ಇರಲಿ. ಮಣಿಕಟ್ಟಿಗೆ ಮಾತ್ರ ಎಂದೂ ಕುಣಿಕೆ ಹಾಕಿಕೊಳ್ಳಬೇಡ. ತುದಿ ಬಂಡೆಗಳ ನಡುವೆ ಸಿಕ್ಕಿಕೊಂಡು ನೀನು ಬಿದ್ದರೆ ಆ ಕುಣಿಕೆಯೇ ನಿನ್ನನ್ನು ನೀರಿನಲ್ಲಿ ಹಿಡಿದಿಡುತ್ತದೆ. ಪಟ್ಟಿಗೂ ದನ ಕಟ್ಟುವಾಗ ಹಾಕುವಂಥ, ತುದಿ ಎಳೆದೊಡನೆ ಬಿಚ್ಚಿಕೊಳ್ಳುವ ಗಂಟನ್ನೇ ಹಾಕು.

ನೀರಿಗೆ ಇಳಿಯುವ ಮೊದಲೇ ಕೋಲು ಕೈಯಲ್ಲಿರಲಿ. ಪ್ರವಾಹ ಬರುವ ದಿಕ್ಕಿಗೆ ಅದನ್ನು ಊರಿ, ಅದು ನಿಂತಿತೆಂದು ಖಚಿತವಾದ ಮೇಲೆ ಒಂದು ಕಾಲು, ಅದು ನಿಂತ ಮೇಲೆ ಇನ್ನೊಂದು ಕಾಲು. ಈ ಮೂರರಲ್ಲಿ ಯಾವ ಎರಡನ್ನೂ ಒಟ್ಟಿಗೆ ಎತ್ತಬೇಡ. ತೊಡೆಯ ನಡುವಿಗಿಂತ ಮೇಲೆ ನೀರು ಬಂದರೆ ಹಿಂದಿರುಗು. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ನಂತರ ಹೊಳೆ ಏರುವುದುಂಟು, ಬೆಳಿಗ್ಗೆ ದಾಟಿದ ಜಾಗ ಸಂಜೆ ದಾಟಲು ಬಾರದಿರಬಹುದು. ಅಣೆಕಟ್ಟಿನ ಕೆಳಗಿನ ಬಿಯಾಸ್ ನದಿಗೆ ಇಳಿಯಲೇಬೇಡ. 2014ರ ಜೂನ್ 8ರಂದು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ನಿನಗೆ ನೆನಪಿರಬೇಕು. ಅಂಥ ನೀರಿನ ಮುಂದೆ ಯಾವ ಕೋಲೂ ನಿಲ್ಲುವುದಿಲ್ಲ.

ಬಿದಿರು ಸಿಕ್ಕ ಕೂಡಲೇ ಅದರ ಬುಡಕ್ಕೆ ದಾರ ಸುತ್ತಿ, ಸುತ್ತಳತೆಯನ್ನು ನನಗೆ ತಿಳಿಸು. ಮುಂದಿನ ಭಾನುವಾರ ಊರಿಗೆ ಹೋಗುವವನಿದ್ದೇನೆ, ನಮ್ಮ ಕಂಬಾರರಿಂದ ಅಣಸು ಮಾಡಿಸಿ ತರುತ್ತೇನೆ.

ಇಂತಿ ನಿನ್ನ ಗೆಳೆಯ