ಗೆದ್ದ ಮೇಲೆ ನಾನು ನಾನಾಗಿ ಉಳೀತೀನಾ?

ಚಿ. ವಿದ್ಯಾಳಿಗೆ ಮಾವನ ಆಶೀರ್ವಾದಗಳು.

ಚುನಾವಣೆಯ ಟಿಕೆಟ್ ವಿಚಾರ, ಮನೆಯಲ್ಲಿ ನಡೆದ ಮಾತು, ಎಲ್ಲ ನಿನ್ನ ಅಮ್ಮ ಹೇಳಿದ್ದಾಳೆ. ಅದಿರಲಿ. 'ಗೆದ್ದ ಮೇಲೆ ನಾನು ನಾನಾಗಿ ಉಳೀತೀನಾ ಮಾವ?' ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಾಲೇಜಿನಲ್ಲಿ ರಷ್ಯಾದ ಕ್ರಾಂತಿ ಪಾಠ ಹೇಳುವಾಗ ಹುಡುಗರೆಲ್ಲ ಲೆನಿನ್ ಬಗ್ಗೆಯೇ ಕೇಳುತ್ತಿದ್ದರು. ನನ್ನನ್ನು ಕಾಡಿದವನು ಅಲೆಕ್ಸಾಂಡರ್ ಕೆರೆನ್ಸ್ಕಿ. ಲೆನಿನ್ ಹುಟ್ಟಿದ ಸಿಂಬಿರ್ಸ್ಕ್ ಊರಿನವನೇ. ಲೆನಿನ್ ಓದಿದ ಶಾಲೆಗೆ ಇವನ ಅಪ್ಪ ಮುಖ್ಯೋಪಾಧ್ಯಾಯ! ನಿನ್ನ ಹಾಗೆ ವಕೀಲ. ಜಮೀನ್ದಾರನ ಆಸ್ತಿ ಲೂಟಿ ಮಾಡಿದರು ಅಂತ ಕಟಕಟೆಗೆ ತಂದ ಎಸ್ಟೋನಿಯಾದ ರೈತರ ಪರ ವಾದಿಸಿದ. 1912ರಲ್ಲಿ ಸೈಬೀರಿಯಾದ ಲೇನಾ ಚಿನ್ನದ ಗಣಿಯಲ್ಲಿ ಮುಷ್ಕರ ಹೂಡಿದವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಕೆರೆನ್ಸ್ಕಿ ಅಷ್ಟು ದೂರ ಹೋಗಿ ಅದರ ತನಿಖೆ ಮಾಡಿದ. ಅದೇ ವರ್ಷ ದೂಮಾಕ್ಕೆ, ಅಂದರೆ ರಷ್ಯಾದ ಸಂಸತ್ತಿಗೆ, ಆರಿಸಿ ಬಂದ.

1917ರ ಮಾರ್ಚ್‌ನಲ್ಲಿ, ಮೊದಲ ಮಹಾಯುದ್ಧದ ನಡುವೆಯೇ, ರಷ್ಯಾದ ಚಕ್ರವರ್ತಿ ತ್ಸಾರ್ ಪಟ್ಟದಿಂದ ಇಳಿದ. ಕೆರೆನ್ಸ್ಕಿ ನ್ಯಾಯಮಂತ್ರಿಯಾದ. ವಯಸ್ಸು 35. ರಾಜಕೀಯ ಕೈದಿಗಳು ಹೊರಗೆ ಬಂದರು, ಮರಣದಂಡನೆಯೇ ರದ್ದಾಯಿತು. ಮೇ ತಿಂಗಳಲ್ಲಿ ಯುದ್ಧಮಂತ್ರಿ. ಅವನೇ ಸೈನಿಕರನ್ನು ಹುರಿದುಂಬಿಸಿ ಮಾಡಿಸಿದ ದಾಳಿ ಮುರಿದುಬಿತ್ತು, ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಜುಲೈನಲ್ಲಿ ಪ್ರಧಾನಿಯಾದ. ಅದೇ ತಿಂಗಳು ರಣರಂಗದಲ್ಲಿ ಮರಣದಂಡನೆ ವಾಪಸ್ ಬಂತು. ಮಾರ್ಚ್‌ನಿಂದ ಜುಲೈ, ಅಷ್ಟೇ ವಿದ್ಯಾ.

ಅವನು ಕೆಟ್ಟವನಾಗಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಒಂದೊಂದು ಹೆಜ್ಜೆಗೂ ಅವನ ಬಳಿ ಕಾರಣವಿತ್ತು. ನನಗನಿಸುವುದು, ಅವನು ಕೊನೆವರೆಗೂ ವಕೀಲನಾಗಿಯೇ ಇದ್ದ, ಕಕ್ಷಿದಾರರು ಬದಲಾದರು. ಮೊದಲು ಬಾಗಿಲಿಗೆ ರೈತರು, ಗಣಿಯವರು ಬರುತ್ತಿದ್ದರು. ಆಮೇಲೆ ಸೇನಾಧಿಕಾರಿಗಳು. ನಿನ್ನ ಭಯವೂ ಇದೇ ಅಲ್ವಾ?

ಅಧ್ಯಾಪಕರ ಸಂಘಕ್ಕೆ ಕಾರ್ಯದರ್ಶಿಯಾಗು ಅಂತ ಒಮ್ಮೆ ಸ್ನೇಹಿತರು ನನ್ನನ್ನೂ ಕೇಳಿದ್ದರು. ಇದೇ ಭಯಕ್ಕೆ ಬೇಡ ಅಂದೆ. ಆ ವರ್ಷ ಸಂಬಳವಿಲ್ಲದೆ ಕಾದ ತಾತ್ಕಾಲಿಕ ಅಧ್ಯಾಪಕರ ಪರ ಗಟ್ಟಿಯಾಗಿ ಮಾತಾಡುವವರು ಯಾರೂ ಇರಲಿಲ್ಲ. ಒಬ್ಬರು ಕೆಲಸ ಬಿಟ್ಟು ಊರಿಗೆ ಹೊರಟೇಹೋದರು. ಅವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಹಾಗಾಗಿ ನಿನಗೆ ಹೋಗಬೇಡ ಅನ್ನಲು ಬಾಯಿ ಬರುತ್ತಿಲ್ಲ. ಹೋಗು ಅನ್ನಲೂ ಧೈರ್ಯ ಸಾಲದು.

ಚುನಾವಣೆಗೆ ನಿಲ್ಲದ ನಾನು ಬುದ್ಧಿ ಹೇಳುವುದು ಎಷ್ಟು ಸರಿಯೋ. ಆದರೂ, ನಿನ್ನ ಆಫೀಸು ಪೂರ್ತಿ ಮುಚ್ಚಬೇಡ. ವಾರಕ್ಕೊಂದು ದಿನ ಹಳೇ ಕಕ್ಷಿದಾರರು ಬಂದು ಕೂರಲಿ, ಬೈದರೆ ಬೈಯಲಿ. ಏನು ಬಂದರೂ ಯಾವುದಕ್ಕೆ ಸಹಿ ಹಾಕುವುದಿಲ್ಲ ಅನ್ನುವುದನ್ನು ಈಗಲೇ ಬರೆದು ಗೆಳತಿಯೊಬ್ಬಳ ಕೈಗೆ ಕೊಡು. ಕೆರೆನ್ಸ್ಕಿ ಅದೇ 1917ರ ಅಕ್ಟೋಬರ್ ಕ್ರಾಂತಿಯಲ್ಲಿ ಅಧಿಕಾರ ಕಳೆದುಕೊಂಡು, 1970ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. ಅಷ್ಟು ವರ್ಷ ಅವನು ತನ್ನ ಆ ಕೆಲವು ತಿಂಗಳ ಬಗ್ಗೆ ಬರೆಯುತ್ತಲೇ ಇದ್ದ.

ನಾಮಪತ್ರ ಹಾಕುವ ಮೊದಲು ಒಮ್ಮೆ ಬಂದು ಹೋಗು. ಇನ್ನೂ ಮಾತಾಡುವುದಿದೆ.

ನಿನ್ನ ಮಾವ