ಅಜ್ಜಿಯ ವರ್ಷದ ನೆನಪು: ಬುಧವಾರ ಸಂಜೆಯಿಂದ

ಎಲ್ಲರಿಗೂ ನಮಸ್ಕಾರ. ಮೂರನೇ ಮಹಡಿಯ ಬೆನೆ ಇಸ್ರೇಲ್ (ಕೊಂಕಣ ಕರಾವಳಿಯ ಯಹೂದಿ ಸಮುದಾಯ) ಅಜ್ಜಿ ತೀರಿಕೊಂಡ ವರ್ಷದ ದಿನ (ಯಾರ್ಟ್‌ಸೈಟ್) ಯಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 9. ನಮ್ಮ ತಿಥಿಯ ಹಾಗೇ, ಇಂಗ್ಲಿಷ್ ತಾರೀಖು ಹಿಡಿದರೆ ತಪ್ಪುತ್ತದೆ. ಈ ಸಲ ನವೆಂಬರ್ 18 ಬುಧವಾರ ಸೂರ್ಯಾಸ್ತದಿಂದ 19 ಗುರುವಾರ ಸೂರ್ಯಾಸ್ತದವರೆಗೆ.

ದೀಪ: ಸಂಜೆ 5:45ಕ್ಕೆ ಅವರ ಮನೆಯಲ್ಲಿ. ಗಾಜಿನ ಲೋಟದಲ್ಲಿ ಅರ್ಧ ನೀರು, ಮೇಲೆ ತೆಂಗಿನೆಣ್ಣೆ, ತೇಲುವ ಬತ್ತಿ. 24 ಗಂಟೆ ಉರಿಯಬೇಕು. ಮಲಗುವ ಮುಂಚೆ, ಬೆಳಿಗ್ಗೆ ಎಣ್ಣೆ ತುಂಬಲೇಬೇಕು. ಬತ್ತಿ ದಪ್ಪವಾದರೆ ಹೊಗೆ ಬಂದು ಗಾಜು ಕಪ್ಪಾಗುತ್ತದೆ. ದಯವಿಟ್ಟು ಫ್ಯಾನ್ ಹಾಕಬೇಡಿ. ಊದಿ ಆರಿಸುವಂತಿಲ್ಲ, ತಾನಾಗೇ ಆರಲಿ.

ಗುರುವಾರ ಬೆಳಿಗ್ಗೆ ಠಾಣೆಯ ಶಾರ್ ಹಶಾಮಯಿಮ್ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ಕದ್ದಿಶ್, ಅಂದರೆ ತೀರಿಕೊಂಡವರಿಗಾಗಿ ಹೇಳುವ ಪ್ರಾರ್ಥನೆ. ಅದಕ್ಕೆ 13 ದಾಟಿದ ಹತ್ತು ಯಹೂದಿ ಗಂಡಸರು ಬೇಕು; ನಾವು ಲೆಕ್ಕಕ್ಕಿಲ್ಲ, ಕೂರಬಹುದು. ಗಂಡಸರು ತಲೆಗೆ ಟೋಪಿ ಅಥವಾ ಕರವಸ್ತ್ರ ಹಾಕಿಕೊಳ್ಳಿ.

ಸಂಜೆ ಮನೆಯಲ್ಲಿ ಮಲೀದಾ, ಅಂದರೆ ಪ್ರಾರ್ಥನೆಗೆ ಇಡುವ ಸಿಹಿ ಅವಲಕ್ಕಿ. ಒಂದು ಕಿಲೋ ತೆಳು ಅವಲಕ್ಕಿ, ಎರಡು ತೆಂಗಿನಕಾಯಿ ತುರಿ, ಬೆಲ್ಲ, ಏಲಕ್ಕಿ. ಅವಲಕ್ಕಿ ನೆನೆಸಬೇಡಿ, ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಸಾಕು. ನೆನೆದರೆ ಬೆಲ್ಲ ಸೇರಿದೊಡನೆ ಗಂಜಿಯಾಗುತ್ತದೆ. ಸುತ್ತ ಐದು ಬಗೆ ಹಣ್ಣು.

ನಮ್ಮ ಮನೆಯಡುಗೆ ತರಬೇಡಿ, ಕೋಷರ್ (ಯಹೂದಿ ಆಹಾರದ) ನಿಯಮವಿದೆ. ಹೆಚ್ಚದ, ಇಡೀ ಹಣ್ಣು ತನ್ನಿ. ಸ್ಮಶಾನಕ್ಕೆ ಬರುವವರು ಸಮಾಧಿಯ ಮೇಲಿಡಲು ಸಣ್ಣ ಕಲ್ಲೊಂದು ಇಟ್ಟುಕೊಳ್ಳಿ.

ಯಾರು ಬರುತ್ತೀರಿ, ಯಾವ ಹಣ್ಣು? ಸೋಮವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಕಳೆದ ಸಲದಂತೆ ಎಲ್ಲರೂ ಬಾಳೆಹಣ್ಣೇ ತರಬೇಡಿ!