ಮನೆಭೇಟಿಗೆ ಬರುವ ಶುಶ್ರೂಷಕಿಯರಿಗೆ ಸಹಕರಿಸುವ ಕುರಿತು

ಗುಂಪಿನ ಸದಸ್ಯರ ಗಮನಕ್ಕೆ. ಮಳೆಗಾಲದಲ್ಲಿ ಮಂಗಳೂರಿನ ನಮ್ಮ ಬಡಾವಣೆಗೆ ಬರುವ ಸಮುದಾಯ ಆರೋಗ್ಯ ಶುಶ್ರೂಷಕಿಯರನ್ನು ‘ಇಲ್ಲಿ ಯಾರಿಗೂ ಜ್ವರವಿಲ್ಲ’ ಎಂದು ಗೇಟಿನಿಂದಲೇ ಹಿಂದಕ್ಕೆ ಕಳುಹಿಸಬಾರದಾಗಿ ವಿನಂತಿ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣುಗಳು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರವೂ ಮರುಕಳಿಸಬಲ್ಲವಾದ್ದರಿಂದ, ಜ್ವರ ಇಳಿದ ಮೇಲೂ ವೈದ್ಯರು ಸೂಚಿಸಿದ ಪ್ರೈಮಾಕ್ವಿನ್ ಮಾತ್ರೆಗಳನ್ನು ಸಾಮಾನ್ಯವಾಗಿ 14 ದಿನ ಪೂರ್ತಿಯಾಗಿ ಸೇವಿಸಬೇಕಾಗುತ್ತದೆ; ಮೂರನೆಯ ದಿನಕ್ಕೇ ನಿಲ್ಲಿಸಿಬಿಡುವವರನ್ನು (ನಮ್ಮಲ್ಲಿ ಅಂಥವರು ಕಡಿಮೆಯೇನಿಲ್ಲ) ಮನೆಗೇ ಬಂದು ವಿಚಾರಿಸುವವರು ಇವರೇ. ಗರ್ಭಿಣಿಯರಿಗೆ ಈ ಮಾತ್ರೆಯನ್ನು ಕೊಡುವುದಿಲ್ಲವಾದ್ದರಿಂದ, ಸಂಕೋಚಪಟ್ಟು ಗರ್ಭಿಣಿಯಾಗಿರುವ ವಿಷಯವನ್ನು ಶುಶ್ರೂಷಕಿಯರಿಂದ ಮುಚ್ಚಿಡಬೇಡಿ. ಪಕ್ಕದ ಕಟ್ಟಡ ಕಾಮಗಾರಿಯ ಶೆಡ್‌ಗಳಲ್ಲಿರುವ ಕಾರ್ಮಿಕರ ರಕ್ತಪರೀಕ್ಷೆಗೂ ಅನುವು ಮಾಡಿಕೊಡಿ. ಸೊಳ್ಳೆಗೆ ನಮ್ಮ ಕಾಂಪೌಂಡು ಗೋಡೆ ಲೆಕ್ಕಕ್ಕಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಲಸಿಕೆಯ ಕಾರ್ಡನ್ನು ಕೈಗೆಟಕುವಂತೆ ಇರಿಸಿಕೊಂಡಿರಬೇಕು.